ಡಿಎನ್ಎ ಪಾಠಕ್ಕೆ ಯಾವ್ದು ಸರಿ: ಬಾಳೆಹಣ್ಣೋ, ಪೇಪರ್ ಮಾಡೆಲ್ಲೋ, ವಿಡಿಯೋನೋ, ಚುಕುಬುಕು ರೈಲೋ?

ಹೋದ ವರ್ಷ ಒಬ್ಬ ಹುಡುಗಿ ಟೆಸ್ಟ್‌ನಲ್ಲಿ ಡಿಎನ್ಎ ಚಿತ್ರ ಎಷ್ಟು ಚೆನ್ನಾಗಿ ಬರೆದಿದ್ಲು ಅಂದ್ರೆ, ಬಣ್ಣ ಹಾಕಿ, ಏಣಿ ಥರ ಎರಡು ಎಳೆ, ಮಧ್ಯೆ ಮೆಟ್ಟಿಲಾಗಿ ಎ, ಟಿ, ಜಿ, ಸಿ ಅನ್ನೋ ಬೇಸ್‌ಗಳು, ಎ ಎದುರು ಟಿ, ಜಿ ಎದುರು ಸಿ, ಎಲ್ಲ ಲೇಬಲ್ ಮಾಡಿ, ಪೂರ್ತಿ ಮಾರ್ಕ್ಸ್ ಕೊಟ್ಟೆ. ಆಮೇಲೆ ಪೇಪರ್ ವಾಪಸ್ ಕೊಡೋವಾಗ ಸುಮ್ನೆ ಒಂದು ಮಾತು ಕೇಳ್ದೆ, "ಇದು ಒಂದ್ಸಲ ನಕಲಾಯ್ತು ಅಂದ್ಕೋ, ಈಗ ಎರಡು ಡಿಎನ್ಎ ಇದೆ, ಹಳೇದು ಯಾವ್ದು ಹೊಸದು ಯಾವ್ದು?" ಅವಳು ಯೋಚನೆನೇ ಮಾಡ್ದೆ "ಒಂದು ಹಳೇದು ಸರ್, ಇನ್ನೊಂದು ಹೊಸದು, ಜೆರಾಕ್ಸ್ ಥರ" ಅಂದ್ಲು. ಪಕ್ಕದಲ್ಲಿದ್ದ ನಾಲ್ಕು ಜನಾನೂ ಹೌದು ಹೌದು ಅಂದ್ರು. ಚಿತ್ರ ಬಂದಿದೆ, ವಿಷಯ ಬಂದಿಲ್ಲ. ಎರಡೆಳೆಯೂ ಬಿಚ್ಕೊಂಡು ಒಂದೊಂದು ಹಳೇ ಎಳೆ ಪಕ್ಕ ಒಂದೊಂದು ಹೊಸ ಎಳೆ ಕೂರುತ್ತೆ, ಹಾಗಾಗಿ ಎರಡರಲ್ಲೂ ಅರ್ಧ ಹಳೇದು ಅರ್ಧ ಹೊಸದು ಅನ್ನೋದೇ ಈ ಪಾಠದ ಜೀವ, ಅದೇ ಅವರಿಗೆ ಮುಟ್ಟಿರ್ಲಿಲ್ಲ.

ಅವತ್ತಿಂದ ಈ ಪಾಠಕ್ಕೆ ಏನೇನು ಚಟುವಟಿಕೆ ಸಿಗುತ್ತೋ ಎಲ್ಲ ಮಾಡಿ ನೋಡ್ತಿದೀನಿ. ಹತ್ತನೇ ಕ್ಲಾಸಲ್ಲಿ ಸಂತಾನೋತ್ಪತ್ತಿ ಪಾಠದಲ್ಲೇ ಡಿಎನ್ಎ ನಕಲಾಗೋ ವಿಷಯ ಬರುತ್ತೆ, ಸೆಕೆಂಡ್ ಪಿಯುಸಿಗೆ ಹೋದ್ರೆ ಪೂರ್ತಿ ಅಧ್ಯಾಯಾನೇ ಇದೆ, ಎಳೆ ಬಿಚ್ಕೊಳ್ಳೋ ಕವಲು ಅಂದ್ರೆ ಫೋರ್ಕು, ಹೊಸ ಎಳೆಯ ಓಕಜಾಕಿ ತುಂಡು, ಆ ತುಂಡು ಜೋಡಿಸೋ ಲೈಗೇಸ್ ಎಲ್ಲ. ಬಹಳ ಟೀಚರ್‌ಗಳು ಕೇಳ್ತಾರೆ, ಟೈಮ್ ಇರೋದೇ ಎರಡು ಪಿರಿಯಡ್, ಅದ್ರಲ್ಲಿ ಯಾವ್ದು ಮಾಡ್ಲಿ ಅಂತ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ: ಒಂದೇ ಒಂದು ಮಾಡೋಕಾಗೋದಾದ್ರೆ ಮಕ್ಕಳನ್ನ ಮೈದಾನಕ್ಕೆ ಕರ್ಕೊಂಡು ಹೋಗಿ ಸಾಲು ನಿಲ್ಸಿ. ಮಿಕ್ಕಿದ್ದೆಲ್ಲ ಅದರ ಹಿಂದೆ ಮುಂದೆ ಬರಬೇಕಾದದ್ದು. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದ್ಲು ಬಾಳೆಹಣ್ಣು, ಯಾಕಂದ್ರೆ ಎಲ್ಲರೂ ಮೊದ್ಲು ಮಾಡೋದು ಅದನ್ನೇ. ಚೆನ್ನಾಗಿ ಮಾಗಿರೋ ಅರ್ಧ ಬಾಳೆಹಣ್ಣು ಕಿವುಚಿ, ಅರ್ಧ ಲೋಟ ನೀರಿಗೆ ಒಂದು ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ನೊರೆ ಬರದ ಹಾಗೆ ನಿಧಾನಕ್ಕೆ ಕಲಸಿ ಹತ್ತು ನಿಮಿಷ ಬಿಡಿ, ತೆಳು ಬಟ್ಟೇಲಿ ಸೋಸಿ, ಆ ತಿಳಿಯನ್ನ ಗ್ಲಾಸಿಗೆ ಹಾಕಿ ಓರೆ ಮಾಡಿ ಹಿಡ್ಕೊಂಡು, ಮೆಡಿಕಲ್ ಶಾಪಿಂದ ತಂದು ಫ್ರೀಜರಲ್ಲಿಟ್ಟ ಸರ್ಜಿಕಲ್ ಸ್ಪಿರಿಟ್‌ನ ಅಂಚಿಗುಂಟ ಇಳಿಬಿಡಿ. ಐದು ನಿಮಿಷಕ್ಕೆ ಎರಡು ಪದರದ ಮಧ್ಯೆ ಬಿಳೀ ನೂಲು ನೂಲು ಮೇಲೇಳುತ್ತೆ, ಕಡ್ಡಿಗೆ ಸುತ್ಕೊಂಡು ಎತ್ತಬಹುದು. ಆ ಗಳಿಗೇಲಿ ಮಕ್ಕಳ ಮುಖ ನೋಡ್ಬೇಕು, ಹಿಂದಿನ ಬೆಂಚಿನವರೂ ಎದ್ದು ಬರ್ತಾರೆ. ಸೋಪು ಜೀವಕೋಶದ ಕೊಬ್ಬಿನ ಪೊರೆ ಒಡೆಯುತ್ತೆ, ಉಪ್ಪು ಫಾಸ್ಫೇಟ್‌ಗಳ ಮೇಲಿರೋ ಋಣ ಚಾರ್ಜನ್ನ ಮುಚ್ಚಿ ಎಳೆಗಳು ಒಂದಕ್ಕೊಂದು ಹತ್ರ ಬರೋ ಹಾಗೆ ಮಾಡುತ್ತೆ, ಆಲ್ಕೋಹಾಲ್‌ನಲ್ಲಿ ಡಿಎನ್ಎ ಕರಗಲ್ಲ ಆದ್ರಿಂದ ಹೊರಗೆ ಬೀಳುತ್ತೆ, ಇದಿಷ್ಟನ್ನೂ ಅವರಿಂದಲೇ ಹೇಳಿಸಬಹುದು.

ಆದ್ರೆ ಇದು ರಚನೆ ಕಲಿಸಲ್ಲ. ಕಡ್ಡಿ ಮೇಲೆ ಕಾಣೋದು ಲೋಳೆ ಥರದ ಒಂದು ಗಂಟು, ಅದ್ರಲ್ಲಿ ಡಿಎನ್ಎ ಜೊತೆ ಆರ್‌ಎನ್ಎ, ಹಣ್ಣಿನ ಪೆಕ್ಟಿನ್, ಒಂಚೂರು ಪ್ರೋಟೀನೂ ಸೇರಿರುತ್ತೆ. ಡಬಲ್ ಹೆಲಿಕ್ಸ್, ಅಂದ್ರೆ ಸುರುಳಿಯಾಗಿ ತಿರುಚಿದ ಆ ಡಿಎನ್ಎ ಏಣಿ, ಅದರ ಅಗಲ 2 ನ್ಯಾನೋಮೀಟರ್, ಅದು ಯಾವ ಸ್ಕೂಲಿನ ಮೈಕ್ರೋಸ್ಕೋಪಲ್ಲೂ ಕಾಣಲ್ಲ. ಒಂದ್ಸಲ ಒಬ್ಬ ಹುಡುಗ ಆ ನೂಲನ್ನ ಸ್ಲೈಡ್ ಮೇಲಿಟ್ಟು ಅರ್ಧ ಗಂಟೆ ಏಣಿ ಹುಡುಕ್ದ, ಕಾಣದೆ ಬೇಜಾರಾಗಿ ಕೂತ, ಅದು ನಾನು ಮೊದ್ಲೇ ಹೇಳ್ಬೇಕಿದ್ದ ಮಾತು. ಈಗ ಮೊದ್ಲೇ ಹೇಳ್ತೀನಿ, ಇದು ಲಕ್ಷಾಂತರ ಜೀವಕೋಶಗಳ ಡಿಎನ್ಎ ಒಟ್ಟಿಗೆ ಸಿಕ್ಕಾಕೊಂಡಿರೋದು, ಒಂದು ಎಳೆ ಅಲ್ಲ ಅಂತ. ಇನ್ನೊಂದು, ಸ್ಪಿರಿಟ್ ಬೆಂಕಿ ಹತ್ಕೊಳ್ಳೋ ವಸ್ತು, ಲ್ಯಾಬಲ್ಲಿ ಬರ್ನರ್ ಉರೀತಿರೋ ದಿನ ಇದನ್ನ ಇಟ್ಕೋಬೇಡಿ. ಫ್ರಿಜ್ ಇಲ್ದಿರೋ ಸ್ಕೂಲಿಗೆ ಮನೆಯಿಂದ ಥರ್ಮಾಸ್‌ನಲ್ಲಿ ಐಸ್ ಹಾಕಿ ಅದ್ರೊಳಗೆ ಸಣ್ಣ ಬಾಟ್ಲಿ ಇಟ್ಕೊಂಡು ಹೋದ್ರೆ ಸಾಕು. ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಪಾಲಕ್, ಹಸಿ ಬಟಾಣಿ, ಪಪ್ಪಾಯಿ ಇವುಗಳಿಂದ ತೆಗೆಯೋದು ಇದೆ, ಹೈಸ್ಕೂಲಿಗೆ ಬಾಳೆಹಣ್ಣೇ ಸುಲಭ.

ಬಾಳೆಹಣ್ಣಿನ ದಿನವೇ ಒಂದು ಲೆಕ್ಕ ಮಾಡ್ಸಿ, ಅದು ಆ ನೂಲಿಗೆ ಅರ್ಥ ಕೊಡುತ್ತೆ. ನಮ್ಮ ಒಂದು ಜೀವಕೋಶದಲ್ಲಿ ಸುಮಾರು 660 ಕೋಟಿ ಬೇಸ್ ಜೋಡಿ, ಒಂದು ಜೋಡಿಯಿಂದ ಇನ್ನೊಂದಕ್ಕೆ 0.34 ನ್ಯಾನೋಮೀಟರ್, ಗುಣಿಸಿದ್ರೆ ಸುಮಾರು 2.2 ಮೀಟರ್. ಅಷ್ಟುದ್ದ ದಾರ ಕತ್ತರಿಸಿ ಮಕ್ಕಳ ಕೈಗೆ ಕೊಡಿ. ಇದು ಇರೋದು 6 ಮೈಕ್ರೋಮೀಟರ್ ಆಸುಪಾಸಿನ ನ್ಯೂಕ್ಲಿಯಸ್ ಒಳಗೆ. ನ್ಯೂಕ್ಲಿಯಸ್ಸನ್ನ 6 ಸೆಂಟಿಮೀಟರ್ ಮೋಸಂಬಿ ಮಾಡಿದ್ರೆ ಎಲ್ಲ ಹತ್ತು ಸಾವಿರ ಪಟ್ಟು ದೊಡ್ಡದಾಯ್ತು, ಆಗ ದಾರ 22 ಕಿಲೋಮೀಟರ್, ಮೈಸೂರಿಂದ ನಂಜನಗೂಡಿಗೆ ಹೆಚ್ಚೂಕಮ್ಮಿ ಅಷ್ಟೇ ದೂರ. ಆ ದಾರದ ದಪ್ಪ 20 ಮೈಕ್ರೋಮೀಟರ್, ತಲೆಕೂದಲಿಗಿಂತ ತೆಳು. ಒಂದು ಮೋಸಂಬಿ ಒಳಗೆ ನಂಜನಗೂಡಿನವರೆಗಿನ ದಾರ ಅಂದಾಗ ಇಡೀ ಕ್ಲಾಸ್ ಒಂದು ಕ್ಷಣ ಸುಮ್ಮನಾಗುತ್ತೆ, ಆ ಸುಮ್ಮನಾಗೋದಕ್ಕೋಸ್ಕರನೇ ನಾನು ಈ ಲೆಕ್ಕ ಬಿಡಲ್ಲ.

ಇನ್ನು ಬೋರ್ಡ್ ಮೇಲಿನ ಏಣಿ ಮತ್ತು ಬ್ಯಾಗಿನ ಜಿಪ್ ಹೋಲಿಕೆ. ಇದು ಖರ್ಚಿಲ್ದೆ ಆಗೋದು, ಹತ್ತು ನಿಮಿಷದಲ್ಲಿ ಆಗೋದು, ಬೇಡ ಅನ್ನಲ್ಲ. ಆದ್ರೆ ಜಿಪ್ಪಲ್ಲಿ ಎರಡು ತೊಂದರೆ. ಜಿಪ್ ಬಿಚ್ಕೊಳ್ಳುತ್ತೆ ಅಷ್ಟೆ, ಬಿಚ್ಚಿದ ಅರ್ಧದ ಪಕ್ಕ ಹೊಸ ಅರ್ಧ ಬೆಳೆಯಲ್ಲ, ಹಾಗಾಗಿ ಮಗುಗೆ ಬಿಚ್ಕೊಳ್ಳೋದು ಮಾತ್ರ ನೆನಪಿರುತ್ತೆ. ಎರಡನೇದು, ಜಿಪ್ಪಿನ ಹಲ್ಲೆಲ್ಲ ಒಂದೇ ಥರ, ಯಾವ ಹಲ್ಲು ಬೇಕಾದ್ರೂ ಯಾವುದಕ್ಕೆ ಬೇಕಾದ್ರೂ ಕೂರುತ್ತೆ, ಡಿಎನ್ಎದಲ್ಲಿ ಎ ಗೆ ಟಿ ನೇ ಬೇಕು. ಜೆರಾಕ್ಸ್ ಹೋಲಿಕೆಯನ್ನಂತೂ ದಯವಿಟ್ಟು ಬಿಟ್ಬಿಡಿ, ಮೇಲೆ ಹೇಳಿದ ತಪ್ಪು ಬರೋದೇ ಅಲ್ಲಿಂದ, ಜೆರಾಕ್ಸಲ್ಲಿ ಒರಿಜಿನಲ್ ಹಾಗೇ ಉಳಿಯುತ್ತೆ, ಇಲ್ಲಿ ಒರಿಜಿನಲ್ ಅಂತ ಒಂದು ಉಳಿಯೋದೇ ಇಲ್ಲ, ಎರಡಕ್ಕೂ ಹಂಚಿಹೋಗುತ್ತೆ.

ಪೇಪರ್ ಮಾಡೆಲ್ಲಿಗೆ ಬಂದ್ರೆ, ಇದು ನಿಜವಾಗ್ಲೂ ಒಳ್ಳೇದು, ಆದ್ರೆ ಹೇಗೆ ಮಾಡಿಸ್ತೀವಿ ಅನ್ನೋದ್ರ ಮೇಲೆ ಹೋಗುತ್ತೆ. ಎಕ್ಸಿಬಿಷನ್‌ಗೆ ಅಂತ ಥರ್ಮೋಕೋಲ್ ಬಾಲು, ಮಿಂಚು ಅಂಟಿಸಿರೋ ದೊಡ್ಡ ಡಿಎನ್ಎ ಮಾಡಿಸ್ತೀವಲ್ಲ, ಅದ್ರಲ್ಲಿ ಕಲಿಯೋದು ಕಮ್ಮಿ, ಅರ್ಧ ಮನೆಯವರು ಮಾಡಿರ್ತಾರೆ, ಇನ್ನರ್ಧ ಅಂಗಡೀಲಿ ರೆಡಿ ಸಿಗುತ್ತೆ. ಅದರ ಬದ್ಲು ಪ್ರತಿ ಮಗುಗೂ ನಾಲ್ಕು ಬಣ್ಣದ ಚಾರ್ಟ್ ಪೇಪರ್ ತುಂಡು ಕೊಟ್ಟು ಒಂದೊಂದು ನ್ಯೂಕ್ಲಿಯೋಟೈಡ್ ಅವರೇ ಕತ್ತರಿಸ್ಲಿ: ಐದು ಮೂಲೆಯ ಸಕ್ಕರೆ, ಗುಂಡಗಿರೋ ಫಾಸ್ಫೇಟು, ಆಮೇಲೆ ಬೇಸ್. ಎ ಮತ್ತು ಜಿ ಉದ್ದ ತುಂಡು, ಟಿ ಮತ್ತು ಸಿ ಗಿಡ್ಡ ತುಂಡು. ಈ ಉದ್ದ ಗಿಡ್ಡವನ್ನ ಮರೀಬೇಡಿ, ಇದ್ರಿಂದಲೇ ಮಗು ಕಂಡುಹಿಡಿಯುತ್ತೆ, ಎರಡು ಉದ್ದ ಎದುರುಬದುರು ಇಟ್ರೆ ಏಣಿ ಉಬ್ಬುತ್ತೆ, ಎರಡು ಗಿಡ್ಡ ಇಟ್ರೆ ಒಳಗೆ ಹೋಗುತ್ತೆ, ಒಂದುದ್ದ ಒಂದು ಗಿಡ್ಡ ಇಟ್ರೆ ಮಾತ್ರ ಸಮ. ಆದ್ರೆ ಎ ಗೆ ಸಿ ಕೂಡ ಉದ್ದಕ್ಕೆ ಗಿಡ್ಡನೇ ಅಲ್ವಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಆಗ ಹೈಡ್ರೋಜನ್ ಬಂಧಕ್ಕೆ ಅಂಚಲ್ಲಿ ಕಚ್ಚು ಮಾಡ್ಸಿ, ಎ ಟಿ ಗೆ ಎರಡು ಕಚ್ಚು, ಜಿ ಸಿ ಗೆ ಮೂರು. ಎ ಎಷ್ಟೋ ಟಿ ಅಷ್ಟೇ, ಜಿ ಎಷ್ಟೋ ಸಿ ಅಷ್ಟೇ ಅನ್ನೋ ಚಾರ್ಗಾಫ್ ಲೆಕ್ಕವನ್ನೂ ಅಲ್ಲೇ ಮುಗಿಸಬಹುದು, ಎ 30 ಪರ್ಸೆಂಟ್ ಇದ್ರೆ ಟಿ ನೂ 30, ಉಳಿದ 40 ರಲ್ಲಿ ಜಿ 20 ಸಿ 20. ಪರೀಕ್ಷೆಗೂ ಬರುತ್ತೆ, ತುಂಡುಗಳನ್ನ ಎಣಿಸಿಯೇ ಕಾಣಿಸ್ಬಹುದು.

ಪೇಪರ್ ಮಾಡೆಲ್‌ನ ಕೊರತೆ ಅಂದ್ರೆ ಟೈಮು. ಕತ್ತರಿಸೋದು, ಅಂಟಿಸೋದು, ಗಮ್ ಬಾಟ್ಲಿ ಹುಡುಕೋದು ಇದ್ರಲ್ಲೇ ಎರಡು ಪಿರಿಯಡ್ ಹೋಗುತ್ತೆ, ರೆಪ್ಲಿಕೇಶನ್‌ಗೆ, ಅಂದ್ರೆ ಡಿಎನ್ಎ ನಕಲಾಗೋ ವಿಷಯಕ್ಕೆ, ಬರೋಷ್ಟ್ರಲ್ಲಿ ಬೆಲ್ಲು. ಅಂಟಿಸಿಬಿಟ್ರೆ ಬಿಚ್ಚೋಕೂ ಆಗಲ್ಲ, ಅದಕ್ಕೆ ಬೇಸ್‌ಗಳನ್ನ ಅಂಟಿಸಬೇಡಿ, ಸುಮ್ನೆ ಎದುರುಬದುರು ಇಡಿ, ಸಕ್ಕರೆ-ಫಾಸ್ಫೇಟ್ ಕಡೆ ಮಾತ್ರ ಅಂಟು.

ಮಾಡೆಲ್ ತಿರುಚೋವಾಗ ಒಂದು ಎಚ್ಚರಿಕೆ. ಡಿಎನ್ಎ ಸಾಮಾನ್ಯ ರೂಪದಲ್ಲಿ ಬಲಸುರುಳಿ. ಏಣಿಯನ್ನ ನೆಟ್ಟಗೆ ನಿಲ್ಸಿದ್ರೆ ನಮ್ಮ ಎದುರಿಗೆ ಬರೋ ಎಳೆ ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಏರ್ತಿರ್ಬೇಕು, ಮಾಮೂಲಿ ಸ್ಕ್ರೂ ಮರೆ ಥರ. ಒಂದು ಸ್ಕ್ರೂ ಕೈಲಿಟ್ಕೊಂಡು ನಿಮ್ಮ ಸ್ಕೂಲಿನ ಗೋಡೆ ಮೇಲಿರೋ ಡಿಎನ್ಎ ಚಿತ್ರ ನೋಡಿ, ಗೈಡಿನ ಮುಖಪುಟ ನೋಡಿ, ಬೇಕಾದಷ್ಟು ಕಡೆ ಉಲ್ಟಾ ಬರೆದಿರ್ತಾರೆ. ಮಕ್ಕಳಿಗೆ ಇದನ್ನ ಹೋಮ್‌ವರ್ಕ್ ಕೊಟ್ಟೆ, ಎಲ್ಲೆಲ್ಲಿ ಡಿಎನ್ಎ ಚಿತ್ರ ಕಂಡ್ರೂ ಬಲವೋ ಎಡವೋ ಬರ್ಕೊಂಡು ಬನ್ನಿ ಅಂತ, ಲ್ಯಾಬ್ ಬೋರ್ಡು, ಔಷಧಿ ಡಬ್ಬ, ಪೇಪರ್ ಜಾಹೀರಾತು ಎಲ್ಲ ಹುಡುಕಿದ್ರು. ಅಷ್ಟು ಶ್ರದ್ಧೆಯಿಂದ ಅವರು ಬೇರೆ ಯಾವ ಹೋಮ್‌ವರ್ಕೂ ಮಾಡಿರ್ಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ್ದು, ರೈಲು. ಚಿಕ್ಕ ಮಕ್ಕಳು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಕೊಂಡು ಚುಕುಬುಕು ರೈಲು ಆಡ್ತಾರಲ್ಲ, ಅದೇ. ಬೋರ್ಡ್ ಮೇಲೆ ಎಷ್ಟು ಸಲ ಬರೆದ್ರೂ ಹತ್ತದ ಮಾತು ಒಂದಿದೆ, ಎರಡು ಎಳೆ ಒಂದಕ್ಕೊಂದು ಉಲ್ಟಾ ದಿಕ್ಕಲ್ಲಿ ಓಡುತ್ತೆ, ಆ್ಯಂಟಿಪ್ಯಾರಲಲ್, ಒಂದೊಂದು ಎಳೆಗೂ ಒಂದು ತುದಿ 5 ಪ್ರೈಮ್ ಇನ್ನೊಂದು ತುದಿ 3 ಪ್ರೈಮ್ ಅಂತ. ಪಿಯುಸಿ ಮಕ್ಕಳು ಇದನ್ನ ಬಾಯಿಪಾಠ ಮಾಡ್ತಾರೆ, ಯಾಕೆ ಅಂತ ಕೇಳಿದ್ರೆ ಗೊತ್ತಿರಲ್ಲ. ರೈಲಲ್ಲಿ ಅದು ಮೈಗೇ ಗೊತ್ತಾಗುತ್ತೆ.

ಹೀಗೆ ಮಾಡಿ. ಆರು ಮಕ್ಕಳು ಧ್ವಜಸ್ತಂಭದ ಕಡೆ ಮುಖ ಮಾಡಿ ಒಬ್ಬರ ಹಿಂದೆ ಒಬ್ಬರು ನಿಲ್ಲಲಿ. ಎಲ್ಲರೂ ಎಡಗೈನ ಮುಂದಿನವರ ಹೆಗಲ ಮೇಲೆ ಇಡ್ಬೇಕು, ಬಲಗೈ ಪಕ್ಕಕ್ಕೆ ಚಾಚ್ಬೇಕು. ಎಡಗೈ ಫಾಸ್ಫೇಟು, ಮೈ ಸಕ್ಕರೆ, ಬಲಗೈ ಬೇಸು. ಎದೆ ಮೇಲೆ ಎ, ಟಿ, ಜಿ, ಸಿ ಅಂತ ಚೀಟಿ. ಈಗ ಇನ್ನಾರು ಜನಕ್ಕೆ ಅವರ ಬಲಗಡೆ ಬಂದು ಅದೇ ಭಂಗಿಯಲ್ಲಿ ನಿಂತು ಬಲಗೈ ಕೊಟ್ಟು ಜೋಡಿಯಾಗಿ ಅನ್ನಿ. ಮೊದ್ಲು ಅವರೂ ಧ್ವಜಸ್ತಂಭದ ಕಡೆನೇ ಮುಖ ಮಾಡಿ ನಿಲ್ತಾರೆ, ಆಮೇಲೆ ನೋಡ್ತಾರೆ, ಬಲಗೈ ಆಚೆ ಕಡೆ ಹೋಗ್ತಿದೆ, ಈಚೆ ಬರಲ್ಲ. ಎಡಗೈ ಕೊಡ್ಲಾ ಸರ್ ಅಂತಾರೆ, ಇಲ್ಲ, ಎಡಗೈ ಹೆಗಲಿಗೆ ಬೇಕು. ನೀವು ಏನೂ ಹೇಳ್ಬೇಡಿ, ಒಂದು ನಿಮಿಷ ಬಿಡಿ. ಯಾರಾದ್ರೂ ಒಬ್ಬರು ತಿರುಗಿ ನಿಲ್ತಾರೆ, ಕೈ ಸಿಗುತ್ತೆ, ಉಳಿದವರೆಲ್ಲ ತಿರುಗ್ತಾರೆ. ಒಂದು ಸಾಲು ಧ್ವಜಸ್ತಂಭದ ಕಡೆ, ಇನ್ನೊಂದು ಗೇಟಿನ ಕಡೆ. ಇದೇ ಆ್ಯಂಟಿಪ್ಯಾರಲಲ್ ಅಂತ ಆಗ ಹೇಳಿ, ಆ ಪದ ಅವರು ಜನ್ಮದಲ್ಲಿ ಮರೆಯಲ್ಲ.

ಹೈಸ್ಕೂಲ್ ಮಕ್ಕಳು, ಹುಡುಗ ಹುಡುಗಿ ಕೈ ಹಿಡ್ಕೊಳ್ಳೋಕೆ ಸಂಕೋಚ ಪಡ್ತಾರೆ, ಅದನ್ನ ಬಲವಂತ ಮಾಡ್ಬಾರ್ದು. ಕರ್ಚೀಫ್ ಕೊಡಿ, ಇಬ್ಬರೂ ಒಂದೊಂದು ತುದಿ ಹಿಡ್ಕೊಳ್ಳಲಿ, ಎ ಟಿ ಆದ್ರೆ ಎರಡು ಬೆರಳಲ್ಲಿ, ಜಿ ಸಿ ಆದ್ರೆ ಮೂರು ಬೆರಳಲ್ಲಿ. ಇದ್ರಿಂದ ಇನ್ನೊಂದು ಲಾಭ ಇದೆ, ಕರ್ಚೀಫ್ ಸುಲಭಕ್ಕೆ ಬಿಡಬಹುದು, ಹೆಗಲ ಮೇಲಿನ ಕೈ ಬಿಡೋ ಹಾಗಿಲ್ಲ ಅಂತ ನಿಯಮ ಇಟ್ರೆ ಹೈಡ್ರೋಜನ್ ಬಂಧಕ್ಕೂ ಸಕ್ಕರೆ-ಫಾಸ್ಫೇಟಿನ ಗಟ್ಟಿ ಬಂಧಕ್ಕೂ ಇರೋ ವ್ಯತ್ಯಾಸ ಅಲ್ಲೇ ಬಂತು. ಸಾಲಿನ ಹೆಗಲಿಗೂ ಹಾಗೇ, ಸಾಧ್ಯವಾದ್ರೆ ಒಂದು ಸಾಲು ಪೂರ್ತಿ ಹುಡುಗೀರು, ಒಂದು ಪೂರ್ತಿ ಹುಡುಗರು ಮಾಡ್ಕೊಳ್ಳಿ.

ತುದಿಗಳನ್ನ ಈಗ ತೋರ್ಸಿ. ಎಲ್ಲಕ್ಕಿಂತ ಮುಂದಿರೋ ಮಗುವಿನ ಎಡಗೈ ಖಾಲಿ, ಅದು 5 ಪ್ರೈಮ್ ತುದಿ. ಎಲ್ಲಕ್ಕಿಂತ ಹಿಂದಿರೋ ಮಗುವಿನ ಹೆಗಲು ಖಾಲಿ, ಅದು 3 ಪ್ರೈಮ್ ತುದಿ. ಹೊಸಬರು ಬಂದು ಸೇರೋದು ಯಾವಾಗ್ಲೂ ಹಿಂದೆ, ಖಾಲಿ ಹೆಗಲಿಗೆ ಕೈ ಹಾಕಿ. ಅಷ್ಟೇ ನಿಯಮ, ರೆಪ್ಲಿಕೇಶನ್ ಪೂರ್ತಿ ಈ ನಿಯಮದಿಂದಲೇ ಹುಟ್ಟುತ್ತೆ.

ಒಬ್ಬ ಹುಡುಗ ಹೆಲಿಕೇಸ್, ಅಂದ್ರೆ ಎಳೆ ಬಿಚ್ಚೋ ಕಿಣ್ವ, ಧ್ವಜಸ್ತಂಭದ ಕಡೆಯಿಂದ ಒಂದೊಂದೇ ಕರ್ಚೀಫ್ ಬಿಡಿಸ್ಕೊಂಡು ಗೇಟಿನ ಕಡೆ ಬರ್ತಾನೆ, ಎರಡು ಸಾಲು ಕವಲು ಒಡೀತಾ ದೂರ ಆಗುತ್ತೆ. ಕೈ ಖಾಲಿಯಾದವರ ಎದುರಿಗೆ ಸರಿಯಾದ ಚೀಟಿಯವರು ಬಂದು ನಿಲ್ಬೇಕು. ಗೇಟಿನ ಕಡೆ ಮುಖ ಮಾಡಿರೋ ಹಳೇ ಸಾಲಿಗೆ ಬರೋ ಹೊಸಬರು ಧ್ವಜಸ್ತಂಭದ ಕಡೆ ಮುಖ ಮಾಡ್ತಾರೆ, ಅವರ ಬೆನ್ನು ಗೇಟಿನ ಕಡೆ, ಹೆಲಿಕೇಸ್ ಹೋಗ್ತಿರೋದೂ ಗೇಟಿನ ಕಡೆ, ಹಾಗಾಗಿ ಅವನ ಹಿಂದೆ ಹಿಂದೆನೇ ಒಬ್ಬೊಬ್ಬರಾಗಿ ನಿಲ್ಲದೆ ಸೇರ್ತಾ ಹೋಗಬಹುದು. ಇದು ಲೀಡಿಂಗ್ ಎಳೆ. ಇನ್ನೊಂದು ಕಡೆ ಹೊಸಬರು ಗೇಟಿನ ಕಡೆ ಮುಖ ಮಾಡಿದಾರೆ, ಅವರ ಹೆಗಲು ಖಾಲಿ ಇರೋದು ಧ್ವಜಸ್ತಂಭದ ಕಡೆ, ಆದ್ರೆ ಜಾಗ ಖಾಲಿ ಆಗ್ತಿರೋದು ಗೇಟಿನ ಕಡೆ. ಏನ್ ಮಾಡೋದು? ಸ್ವಲ್ಪ ಜಾಗ ಬಿಚ್ಕೊಳ್ಳೋವರೆಗೂ ಕಾದು, ಹೆಲಿಕೇಸ್ ಹತ್ರದಿಂದ ಶುರು ಮಾಡಿ ಹಿಂದಕ್ಕೆ ಮೂರು ಜನ ತುಂಬ್ಕೋಬೇಕು, ಮತ್ತೆ ಜಾಗ ಬಿಚ್ಕೊಂಡಾಗ ಮತ್ತೆ ಅಲ್ಲಿಂದ ಮೂರು ಜನ. ತುಂಡು ತುಂಡು. ಇದೇ ಓಕಜಾಕಿ ತುಂಡು. ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ರೇಜಿ ಓಕಜಾಕಿ, ತ್ಸುನೆಕೋ ಓಕಜಾಕಿ ಅನ್ನೋ ದಂಪತಿ 1960ರ ದಶಕದಲ್ಲಿ ಕಂಡುಹಿಡಿದದ್ದು. ರೇಜಿ ಹಿರೋಶಿಮಾದಲ್ಲಿ ಹುಟ್ಟಿದವರು, 1975ರಲ್ಲಿ ಲ್ಯುಕೇಮಿಯಾದಿಂದ ತೀರ್ಕೊಂಡ್ರು, ತ್ಸುನೆಕೋ ಆ ಕೆಲಸ ಮುಂದುವರೆಸಿದ್ರು. ಇದನ್ನ ಹೇಳಿದ ಮೇಲೆ ಓಕಜಾಕಿ ಅನ್ನೋದು ಮಕ್ಕಳಿಗೆ ಬರೀ ಕಷ್ಟದ ಸ್ಪೆಲ್ಲಿಂಗ್ ಆಗಿ ಉಳಿಯಲ್ಲ.

ಹೊಸ ಎಳೆ ಶುರು ಮಾಡೋಕೆ ಬೇಕಾದ ಸಣ್ಣ ತುಂಡು, ಪ್ರೈಮರ್ ಕೂಡ ಇಲ್ಲೇ ಬರುತ್ತೆ. ಎಳೆ ಕಟ್ಟೋ ಕಿಣ್ವ ಪಾಲಿಮರೇಸ್, ಅದಾಗಿರೋ ಮಗು ಹೊಸಬರನ್ನ ಕರ್ಕೊಂಡು ಬಂದು ಹೆಗಲಿಗೆ ಸೇರಿಸಬಹುದು ಅಷ್ಟೆ, ಹೆಗಲೇ ಇಲ್ದಿದ್ರೆ ಶುರು ಮಾಡೋಕೆ ಬರಲ್ಲ. ಅದಕ್ಕೆ ಪ್ರೈಮೇಸ್ ಅನ್ನೋ ಇನ್ನೊಂದು ಕಿಣ್ವ ಟೋಪಿ ಹಾಕಿರೋ ಒಬ್ಬರನ್ನ ತಂದು ಮೊದ್ಲು ನಿಲ್ಸುತ್ತೆ, ಟೋಪಿ ಅಂದ್ರೆ ಆರ್‌ಎನ್ಎ. ಆಮೇಲೆ ಟೋಪಿಯವರನ್ನ ತೆಗೆದು ಆ ಜಾಗಕ್ಕೆ ಆಮೇಲೆ ಬಂದ, ಹೆಲಿಕೇಸ್ ಕಡೆಯ ತುಂಡಿನ ಕೊನೇ ಹೆಗಲಿಂದ ಮುಂದುವರೆದು ಟೋಪಿ ಇಲ್ದಿರೋರು ಬರ್ತಾರೆ. ಆಗ್ಲೂ ಒಂದು ಕಡೆ ಒಂದು ಎಡಗೈ ಗಾಳೀಲಿ ಇರುತ್ತೆ, ಅದರ ಮುಂದೆ ಒಂದು ಹೆಗಲು ಖಾಲಿ ಇರುತ್ತೆ, ಲೈಗೇಸ್ ಬಂದು ಆ ಕೈ ಎತ್ತಿ ಆ ಹೆಗಲ ಮೇಲೆ ಇಡುತ್ತೆ, ಅಲ್ಲಿಗೆ ಆಯ್ತು. ರಸಾಯನಶಾಸ್ತ್ರದಲ್ಲಿ ಆಗೋದೂ ಹೆಚ್ಚೂಕಮ್ಮಿ ಇದೇ, ಫಾಸ್ಫೇಟು ಹೋಗಿ 3 ಪ್ರೈಮ್ ಓಎಚ್‌ಗೆ ಸೇರೋದು, ಅದಕ್ಕೇ ಈ ಆಟ ನನಗೆ ಇಷ್ಟ, ಇದ್ರಲ್ಲಿ ಆಮೇಲೆ ತಿದ್ದಬೇಕಾದ ಸುಳ್ಳು ಬಹಳ ಕಮ್ಮಿ. ತಿರುಚು ಇಲ್ಲ ಅನ್ನೋದೊಂದು ದೊಡ್ಡ ಕೊರತೆ, ಅದನ್ನ ಮಾತ್ರ ಒಪ್ಕೋಬೇಕು.

ಕೊನೇಲಿ ಬೇಕಂತಲೇ ಒಬ್ಬರಿಗೆ ತಪ್ಪು ಚೀಟಿ ಕೊಟ್ಟು ಎ ಎದುರು ಸಿ ನಿಲ್ಲೋ ಹಾಗೆ ಮಾಡಿ. ಒಬ್ಬರದು ಎರಡು ಬೆರಳು, ಇನ್ನೊಬ್ಬರದು ಮೂರು, ಹೊಂದಲ್ಲ. ಪಾಲಿಮರೇಸ್ ಮಗು ಹಿಡೀತಾ ಬಿಡುತ್ತಾ ನೋಡಿ. ಬಿಟ್ರೆ ಮುಂದಿನ ಸಲ ನಕಲಾದಾಗ ಏನಾಗುತ್ತೆ ಅಂತ ಕೇಳಿ. ಸಿ ಎದುರು ಜಿ ಬರುತ್ತೆ, ತಪ್ಪು ಶಾಶ್ವತ ಆಗುತ್ತೆ, ಹತ್ತನೇ ಕ್ಲಾಸ್ ಪುಸ್ತಕ ಹೇಳೋ ವ್ಯತ್ಯಾಸಗಳು ಅಂದ್ರೆ ಏನು ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಇಲ್ಲ.

ಇದಕ್ಕೆ ಆರು ಜೋಡಿಗೆ 12 ಜನ, ಹೊಸ ಎಳೆಗೆ 12 ಜನ, ಟೋಪಿಯವರು, ಕಿಣ್ವದವರು ಎಲ್ಲ ಸೇರಿ ಮೂವತ್ತರ ಹತ್ರ ಬೇಕು. ಅರವತ್ತು ಮಕ್ಕಳ ಕ್ಲಾಸಾದ್ರೆ ಎರಡು ಗುಂಪು, ಒಂದು ಆಡೋವಾಗ ಇನ್ನೊಂದು ತಪ್ಪು ಹುಡುಕ್ಬೇಕು. ಮೊದಲನೇ ಸಲ ಗಲಾಟೆ ಆಗೇ ಆಗುತ್ತೆ, ಎರಡನೇ ಸಲ ಆಡಿಸಿದಾಗ್ಲೇ ಪಾಠ ಕೂರೋದು. ಮಳೆಗಾಲದಲ್ಲಿ ವರಾಂಡ ಸಾಕು. ಪಿಇ ಟೀಚರನ್ನ ಮೊದ್ಲೇ ಮಾತಾಡಿಸ್ಕೊಂಡಿರಿ.

ರೈಲು ಮುಗಿದ ಮಾರನೇ ದಿನಕ್ಕೆ ಉಲ್ಲನ್ ದಾರ, ಹದಿನೈದು ನಿಮಿಷದ ಕೆಲಸ. ಪ್ರತಿ ಗುಂಪಿಗೆ ಎರಡು ಕೆಂಪು ದಾರ, ಬೇಕಾದಷ್ಟು ಬಿಳಿ ದಾರ. ಕೆಂಪು ಕೆಂಪು ಹೊಸೆದದ್ದು ಮೊದಲ ಡಿಎನ್ಎ, ಇನ್ಮೇಲೆ ಸಿಗೋದು ಬಿಳಿ ಮಾತ್ರ. ಒಂದ್ಸಲ ನಕಲಾದ್ಮೇಲೆ ಏನೇನಿರುತ್ತೆ, ಎರಡು ಸಲ ಆದ್ಮೇಲೆ ಏನಿರುತ್ತೆ ಅಂತ ಮೊದ್ಲು ಊಹೆ ಬರೆಸಿ, ಆಮೇಲೆ ಮಾಡಿಸಿ. ಜೆರಾಕ್ಸ್ ಅಂತ ಅಂದ್ಕೊಂಡವರು ಒಂದು ಪೂರ್ತಿ ಕೆಂಪು ಒಂದು ಪೂರ್ತಿ ಬಿಳಿ ಬರೀತಾರೆ. 1958ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಮ್ಯಾಥ್ಯೂ ಮೆಸೆಲ್ಸನ್, ಫ್ರಾಂಕ್ಲಿನ್ ಸ್ಟಾಲ್ ಕೇಳಿದ ಪ್ರಶ್ನೆನೂ ಇದೇ. ಭಾರವಾದ ನೈಟ್ರೋಜನ್-15ರಲ್ಲಿ ಬೆಳೆಸಿದ ಇ ಕೋಲೈ ಬ್ಯಾಕ್ಟೀರಿಯಾನ ಮಾಮೂಲಿ ನೈಟ್ರೋಜನ್-14ಕ್ಕೆ ಬದಲಾಯಿಸಿ, ಪೀಳಿಗೆ ಪೀಳಿಗೆಗೂ ಡಿಎನ್ಎ ತೆಗೆದು ಸೀಸಿಯಂ ಕ್ಲೋರೈಡ್‌ನಲ್ಲಿ ಜೋರಾಗಿ ತಿರುಗಿಸಿ, ಎಲ್ಲಿ ನಿಲ್ಲುತ್ತೆ ನೋಡಿದ್ರು. ಮೊದಲ ಪೀಳಿಗೇಲಿ ಪೂರ್ತಿ ಮಧ್ಯದ ತೂಕ, ಅಲ್ಲಿಗೆ ಜೆರಾಕ್ಸ್ ವಿಚಾರ ಬಿದ್ದುಹೋಯ್ತು. ಎರಡನೇ ಪೀಳಿಗೇಲಿ ಅರ್ಧ ಮಧ್ಯದ್ದು ಅರ್ಧ ಹಗುರದ್ದು, ಅಲ್ಲಿಗೆ ಹಳೇದು ಹೊಸದು ತುಂಡುತುಂಡಾಗಿ ಬೆರೆಯುತ್ತೆ ಅನ್ನೋ ಇನ್ನೊಂದು ವಿಚಾರಾನೂ ಬಿತ್ತು. ದಾರದಲ್ಲಿ ಮೂರು ಸಲ ಮಾಡಿದ್ರೆ ಎಂಟರಲ್ಲಿ ಎರಡಕ್ಕೆ ಮಾತ್ರ ಒಂದೊಂದು ಕೆಂಪೆಳೆ. ಹೊಸೆದ ದಾರನ ಒಂದು ತುದೀಲಿ ಬಿಡಿಸ್ತಾ ಹೋದ್ರೆ ಮುಂದಿನ ಭಾಗ ಗಂಟು ಗಂಟಾಗಿ ಬಿಗಿಯಾಗುತ್ತಲ್ಲ, ರೈಲಲ್ಲಿ ಇಲ್ದಿದ್ದ ತಿರುಚು ಇಲ್ಲಿ ಸಿಗುತ್ತೆ, ಆ ಬಿಗಿ ಸಡಿಲಿಸೋ ಟೋಪೋಐಸೋಮರೇಸ್ ಯಾಕೆ ಬೇಕು ಅಂತ ಹೇಳೋಕೆ ಅದೇ ಸಮಯ.

ವಿಡಿಯೋ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದ್ರೆ ದೀಕ್ಷಾ ಆ್ಯಪಲ್ಲಿ ಸಿಗುತ್ತೆ, ಮೆಲ್ಬರ್ನ್‌ನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯಲ್ಲಿ ಡ್ರೂ ಬೆರ್ರಿ ಮಾಡಿರೋ ರೆಪ್ಲಿಕೇಶನ್ ಆನಿಮೇಶನ್ ಅಂತೂ ನೋಡೋಕೆ ಎರಡು ಕಣ್ಣು ಸಾಲದು, ಯಂತ್ರ ಗರಗರ ತಿರುಗಿ ಒಂದು ಎಳೆ ಕುಣಿಕೆ ಕುಣಿಕೆಯಾಗಿ ಬರೋದು ಕಾಣುತ್ತೆ. ಆದ್ರೆ ಮೊದಲನೇ ದಿನವೇ ಹಾಕಿದ್ರೆ ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡಿ ಎದ್ದು ಹೋಗ್ತಾರೆ, ಏನಾಯ್ತು ಅಂದ್ರೆ ಚೆನ್ನಾಗಿತ್ತು ಅಂತಾರೆ. ರೈಲು ಆಡಿದ ಮೇಲೆ ಹಾಕಿ, ಸೌಂಡ್ ಬಂದ್ ಮಾಡಿ, ಮಕ್ಕಳೇ ಕನ್ನಡದಲ್ಲಿ ಕಾಮೆಂಟರಿ ಕೊಡ್ಲಿ, ಹತ್ತು ಸೆಕೆಂಡಿಗೊಂದ್ಸಲ ನಿಲ್ಸಿ. ಅದೋ ಆ ಕುಣಿಕೆ ಕಡೆಯವರು ಕಾಯ್ತಿದಾರೆ ಅಂತ ಅವರೇ ಹೇಳ್ತಾರೆ. ಪ್ರೊಜೆಕ್ಟರ್ ಇಲ್ಲ, ಕರೆಂಟ್ ಗ್ಯಾರಂಟಿ ಇಲ್ಲ ಅಂದ್ರೆ ಇದನ್ನ ಬಿಟ್ರೂ ಪಾಠಕ್ಕೆ ಮೋಸ ಆಗಲ್ಲ.

ಇನ್ನೊಂದಿದೆ, ಹೆಚ್ಚು ಜನ ಮಾಡಲ್ಲ, ಪೆನ್ ಸ್ಪ್ರಿಂಗು. ಬಾಲ್‌ಪೆನ್ ಒಳಗಿನ ಸಣ್ಣ ಸ್ಪ್ರಿಂಗನ್ನ ಬಟ್ಟೆ ಕ್ಲಿಪ್‌ಗೆ ಸಿಕ್ಕಿಸಿ, ಕೋಣೆ ಕತ್ತಲೆ ಮಾಡಿ, ಲೇಸರ್ ಪಾಯಿಂಟರ್ ಬೆಳಕನ್ನ ಅದರ ಮೇಲೆ ಬಿಟ್ರೆ ಮೂರು ನಾಲ್ಕು ಮೀಟರ್ ದೂರದ ಗೋಡೆ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ಇಂಟು ಮಾರ್ಕ್ ಬೀಳುತ್ತೆ. ಸುರುಳಿಗೆ ಪಕ್ಕದಿಂದ ಬೆಳಕು ಬಿದ್ರೆ ಇಂಟು ಬರುತ್ತೆ, ಅಷ್ಟೇ. 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಜೊತೆ ಕೆಲಸ ಮಾಡ್ತಿದ್ದ ರೇಮಂಡ್ ಗಾಸ್ಲಿಂಗ್ ಎಕ್ಸ್-ರೇಯಿಂದ ತೆಗೆದ 51ನೇ ಫೋಟೋದಲ್ಲಿ ಇದ್ದದ್ದೂ ಅದೇ ಇಂಟು. ಕಣ್ಣಿಗೆ ಕಾಣದ ವಸ್ತು ಸುರುಳಿ ಅಂತ ಹೇಗೆ ಗೊತ್ತಾಯ್ತು ಅನ್ನೋ ಪ್ರಶ್ನೆ ಇಟ್ಕೊಂಡಿರೋ ಮಗುಗೆ, ಆ ಸ್ಲೈಡಲ್ಲಿ ಏಣಿ ಹುಡುಕಿದ ಹುಡುಗನಂಥವನಿಗೆ, ಇದು ಸರಿಯಾದ ಉತ್ತರ. ಫ್ರಾಂಕ್ಲಿನ್‌ಗೆ ಹೇಳದೆ ಆ ಫೋಟೋನ ಡಿಎನ್ಎ ರಚನೆ ಹುಡುಕ್ತಿದ್ದ ವಾಟ್ಸನ್‌ಗೆ ತೋರಿಸಿದ್ದು, 1953ರಲ್ಲಿ ವಾಟ್ಸನ್, ಕ್ರಿಕ್ ಮಾಡೆಲ್ ಬಂದದ್ದು, 1958ರಲ್ಲಿ 37ನೇ ವಯಸ್ಸಿಗೆ ಆಕೆ ತೀರ್ಕೊಂಡದ್ದು, 1962ರಲ್ಲಿ ವಾಟ್ಸನ್, ಕ್ರಿಕ್, ವಿಲ್ಕಿನ್ಸ್‌ಗೆ ನೊಬೆಲ್ ಬಂದದ್ದು, ಇದನ್ನೂ ದಯವಿಟ್ಟು ಹೇಳಿ, ನಮ್ಮ ಕ್ಲಾಸಲ್ಲಿ ಕೂತಿರೋ ಹುಡುಗೀರು ಇದನ್ನ ಕೇಳಲೇಬೇಕು. ಲೇಸರ್ ಮಾತ್ರ ಮಕ್ಕಳ ಕೈಗೆ ಕೊಡ್ಬೇಡಿ, ಯಾರ ಕಣ್ಣಿಗೂ ಬೀಳದ ಹಾಗೆ ನೀವೇ ಹಿಡೀರಿ.

ಹಾಗಾದ್ರೆ ಯಾವ್ದು ಆರಿಸ್ಕೊಳ್ಳೋದು. ಒಂದೇ ಪಿರಿಯಡ್ ಇದ್ರೆ ರೈಲು, ಅದೂ ಹತ್ತನೇ ಕ್ಲಾಸಿಗೆ ಬಿಚ್ಕೊಂಡು ಜೋಡಿಯಾಗೋದು ಸಾಕು, ಟೋಪಿ, ತುಂಡು ಬೇಡ. ಎರಡಿದ್ರೆ ರೈಲು, ದಾರ. ಮೂರಿದ್ರೆ ಮೊದಲನೇ ದಿನ ಬಾಳೆಹಣ್ಣು ಮತ್ತು ಮೋಸಂಬಿ ಲೆಕ್ಕ ಸೇರಿಸಿ, ಅದು ಆಸೆ ಹುಟ್ಟಿಸೋಕೆ. ಪಿಯುಸಿಗೆ ಪೇಪರ್ ತುಂಡು, ಪೂರ್ತಿ ರೈಲು, ದಾರ, ಆಮೇಲೆ ವಿಡಿಯೋ, ಈ ಕ್ರಮ ಚೆನ್ನಾಗಿ ಕೂರುತ್ತೆ, ನೀಟ್ ಬರೆಯೋರಿಗೂ 5 ಪ್ರೈಮ್ 3 ಪ್ರೈಮ್ ಪ್ರಶ್ನೆಗಳಲ್ಲಿ ಆಮೇಲೆ ತಡವರಿಕೆ ಇರಲ್ಲ, ಮನಸ್ಸಲ್ಲೇ ಎಡಗೈ ಹೆಗಲು ಎಣಿಸ್ಕೋತಾರೆ. ನಡೆಯೋಕೆ ಕಷ್ಟ ಇರೋ ಮಗು ಕ್ಲಾಸಲ್ಲಿದ್ರೆ ಮೈದಾನ ಬಿಟ್ಟು ಮೇಜಿನ ಮೇಲೆ ಪೇಪರ್ ತುಂಡಲ್ಲೇ ಎಲ್ಲರಿಗೂ ಮಾಡ್ಸಿ, ಒಬ್ಬರನ್ನ ನೋಡ್ತಾ ಕೂರಿಸೋದಕ್ಕಿಂತ ಅದು ಎಷ್ಟೋ ಮೇಲು. ಮನೇಲಿ ಒಂದೇ ಮಗುಗೆ ಹೇಳ್ಕೊಡೋ ಅಪ್ಪ ಅಮ್ಮಂದಿರಿಗೆ ಬಾಳೆಹಣ್ಣು, ದಾರ ಎರಡೇ ಸಾಕು.

ಯಾವ್ದೇ ಮಾಡಿ, ಒಂದು ವಾರ ಬಿಟ್ಟು ಪುಸ್ತಕ ಮುಚ್ಚಿಸಿ ಮೂರು ಪ್ರಶ್ನೆ ಕೇಳಿ: ಎಟಿಜಿಸಿಸಿಎ ಅನ್ನೋ ಎಳೆಯ ಎದುರಿನ ಎಳೆ ಬರೆದು ಎರಡರದ್ದೂ ತುದಿ ಗುರುತಿಸು, ಎರಡು ಸಲ ನಕಲಾದ ಮೇಲೆ ನಾಲ್ಕರಲ್ಲಿ ಎಷ್ಟರಲ್ಲಿ ಹಳೇ ಎಳೆ ಇದೆ, ಒಂದು ಕಡೆ ಮಾತ್ರ ಯಾಕೆ ತುಂಡು ತುಂಡಾಗಿ ಬರುತ್ತೆ. ಹತ್ತನೇ ಕ್ಲಾಸಿಗೆ ಮೊದಲನೆಯದರಲ್ಲಿ ಬರೀ ಎದುರಿನ ಎಳೆ ಸಾಕು, ಎರಡನೆಯದು ಪೂರ್ತಿ ಬೇಕು. ನಮ್ಮ ಆ ಹುಡುಗಿಗೆ ಈ ಸಲ ಎರಡನೇ ಪ್ರಶ್ನೆ ಕೇಳಿದಾಗ ಅವಳು ಉತ್ತರ ಹೇಳೋಕೆ ಮುಂಚೆ ತನ್ನ ಜಡೆಯ ಕೆಂಪು ರಿಬ್ಬನ್ ಎರಡನ್ನೂ ಬಿಚ್ಚಿ ಪಕ್ಕದವಳ ಬಿಳಿ ರಿಬ್ಬನ್ ಕೇಳಿದ್ಲು.